ಆಯುಧಪೂಜೆಯ ದಿನ ನಾನು ಹಾಕಿದ ಹಾಡು

ಆಯುಧಪೂಜೆಯ ದಿನ ನಮ್ಮ ಪೀಣ್ಯದ ಶೆಡ್ಡಿನಲ್ಲಿ ಆ ಸಾವಿನ ಹಾಡು ಹಾಕಿದವಳು ನಾನು. ಚಂದ್ರು ಮಾಮ ಅಲ್ಲ. ಇಷ್ಟೇ ಇಷ್ಟು ಮಾತು — ಇದನ್ನು ಹೇಳಲು ನನ್ನ ತಲೆಗೂದಲು ನರೆಯಬೇಕಾಯಿತೇ ಎಂದು ನಾಚಿಕೆಯಾಗುತ್ತದೆ.

ಚಂದ್ರು ಮಾಮ ಅಪ್ಪನ ಗೆಳೆಯರು. ಒಂದೇ ಕಾರ್ಖಾನೆಯಲ್ಲಿ ಕೆಲಸ ಕಲಿತು, ಆಮೇಲೆ ಇಬ್ಬರೂ ಕೂಡಿ ಗಿಯರ್ ತಯಾರಿಸುವ ಈ ಶೆಡ್ಡು ಶುರುಮಾಡಿದವರು. ಭಾನುವಾರ ರಾಜಗೋಪಾಲನಗರದ ನಮ್ಮ ಮನೆಯಲ್ಲೇ ಅವರ ಊಟ. ಹಿಂದೆ ಕಾರ್ಖಾನೆಯವರು ಮಷಿನ್ ಕಲಿಯಲೆಂದು ಅವರನ್ನು ಇಟಲಿಗೆ ಕಳಿಸಿದ್ದರಂತೆ. ಅಲ್ಲಿ ಯಾರೋ ಒಂದು ಸಂಜೆ ಒಪೆರಾಕ್ಕೆ ಕರೆದೊಯ್ದರು — ಕಥೆಯನ್ನೆಲ್ಲ ಹಾಡಿಯೇ ಹೇಳುವ ನಾಟಕ. ಬೇರೆಯವರು ಚಾಕೊಲೇಟು, ಸೆಂಟು ತಂದರೆ ಇವರು ಒಂದು ಚೀಲ ಸಿ.ಡಿ. ಹೊತ್ತು ತಂದರು. ಅಪ್ಪನಿಗೆ ಅದು ಬರೀ ತಮಾಷೆ. "ಯಾರ್ದೋ ಕಾಲ್ ತುಳ್ದಂಗಿದೆ, ಆಫ್ ಮಾಡೋ ಮಾರಾಯ" ಎನ್ನುತ್ತಿದ್ದರು.

ಹೈಸ್ಕೂಲಿನಲ್ಲಿದ್ದ ನನಗೆ ಮಾತ್ರ ಹುಚ್ಚು ಹಿಡಿಯಿತು. ಒಂದು ಪದವೂ ಅರ್ಥವಾಗದೆ ಕಣ್ಣಲ್ಲಿ ನೀರು ಬರುವುದು ಹೇಗೆ? ಮೈಕಿಲ್ಲದೆ ಆ ದನಿ ಕೊನೆಯ ಸಾಲಿನವರೆಗೂ ಮುಟ್ಟುವುದು ಹೇಗೆ? ಪ್ರಶ್ನೆ ಕೇಳಿ ಕೇಳಿ ಮಾಮನ ತಲೆ ತಿನ್ನುತ್ತಿದ್ದೆ. ಅದರಲ್ಲೂ ಒಂದು ಹಾಡು — ವಿಷ ಕುಡಿದ ಹೆಣ್ಣೊಬ್ಬಳು ಪ್ರಾಣ ಬಿಡುತ್ತ ಹಾಡುವುದು.

"ಸಾಯೋಳು ಇಷ್ಟೊತ್ತು ಹಾಡ್ತಾಳಾ ಮಾಮ?"

"ಅಲ್ಲಿ ಸಾಯೋಕೂ ಟೈಮ್ ಕೊಡ್ತಾರೆ ಕಣೇ."

ಆ ಹಾಡಿನ ಕೊನೆಯನ್ನು ನಾನು ಎಂದೂ ಕೇಳಿರಲಿಲ್ಲ. ಅಷ್ಟರಲ್ಲಿ ಅಪ್ಪ ಬಂದು ನಿಲ್ಲಿಸಿಬಿಡುತ್ತಿದ್ದರು.

ಆ ವರ್ಷದ ಪೂಜೆಗೆ ಶೆಡ್ಡಿಗೆ ದೊಡ್ಡ ಸ್ಪೀಕರ್ ಬಾಡಿಗೆಗೆ ತಂದಿದ್ದರು. ಮಷಿನ್‌ಗಳೆಲ್ಲ ಸುಮ್ಮನಿದ್ದವು, ತೊಳೆಸಿಕೊಂಡು, ಹೂವು ಮುಡಿದುಕೊಂಡು. ಮಾಮ ಅಪ್ಪನನ್ನು ಕಾಡಿ ಬೇಡಿ ತಮ್ಮದೊಂದು ಹಾಡಿಗೆ ಒಪ್ಪಿಸಿದ್ದರು. ಸಿ.ಡಿ. ನನ್ನ ಕೈಗೆ ಕೊಟ್ಟು, "ಇದ್ರಲ್ಲಿರೋ ಮದ್ವೆ ಹಾಡನ್ನೇ ಹಾಕು. ಆ ಸಾಯೋದು ಬೇಡ, ಇವತ್ತು ಹಬ್ಬ" ಎಂದರು. ನಾನು ಹೂಂ ಎಂದೆ. ಆದರೆ ಅಷ್ಟು ದೊಡ್ಡ ಸ್ಪೀಕರ್, ಅಷ್ಟು ನಿಶ್ಶಬ್ದ — ಇಂಥದ್ದು ಇನ್ನೊಮ್ಮೆ ಸಿಗುತ್ತದೆಯೇ ಎನಿಸಿತು. ಸಾಯುವವಳ ಹಾಡನ್ನೇ ಹಾಕಿದೆ.

ಅಪ್ಪ ಬೂದುಗುಂಬಳಕಾಯಿ ನಿವಾಳಿಸುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ತಗಡಿನ ಸೂರು ನಡುಗುವಂತೆ ಅವಳ ಬಿಕ್ಕು ಎದ್ದಿತು. ಅಜ್ಜಿ ಬೆಚ್ಚಿಬಿದ್ದು, "ಯಾವಳೇ ಅದು, ಒಳ್ಳೆ ದಿನ ಇಂಗೆ ಗೋಳಾಡ್ತಿರೋಳು!" ಎಂದರು. ಮಾಮ ಓಡಿಬಂದು ನಿಲ್ಲಿಸಿದರು. ಒಮ್ಮೆ ನನ್ನ ಮುಖ ನೋಡಿದರು.

ಹಬ್ಬ ಕಳೆದು ಮಷಿನ್ ಶುರುಮಾಡಿದ ದಿನವೇ ಅಪ್ಪನ ಬಲಗೈ ತೋರುಬೆರಳು ಹೋಯಿತು. ಕೈ ಸಿಕ್ಕದಂತೆ ಮಷಿನ್‌ಗೆ ಹಾಕುವ ಮುಚ್ಚಳ, ಗಾರ್ಡು — ತೊಳೆಯಲೆಂದು ಬಿಚ್ಚಿದ್ದನ್ನು ಮತ್ತೆ ಹಾಕಿರಲಿಲ್ಲ. ಮರೆತವರು ಅಪ್ಪನೇ. ಆದರೆ ಮನೆಯಲ್ಲಿ ಗಾರ್ಡಿನ ಮಾತು ಯಾರೂ ಎತ್ತಲಿಲ್ಲ, ಎಲ್ಲರ ಬಾಯಲ್ಲೂ ಆ ಹಾಡಿನ ಅಪಶಕುನವೇ. ಆಸ್ಪತ್ರೆಗೆ ಬಂದ ಮಾಮನನ್ನು ಅಪ್ಪ ಕೇಳಿದರು: "ಯಾಕೋ ಹಾಕ್ಸ್‌ದೆ ಅದನ್ನ?"

ಮಾಮ ನನ್ನತ್ತ ತಿರುಗಿದರು. ನಾನು ಕಾಫಿ ಫ್ಲಾಸ್ಕ್ ಹಿಡಿದು ಅಲ್ಲೇ ನಿಂತಿದ್ದೆ. ಬಾಯಿ ತೆರೆದಿದ್ದರೆ ಮುಗಿದಿತ್ತು. ನಾನು ತಲೆ ತಗ್ಗಿಸಿದೆ.

"ತಪ್ಪಾಯ್ತು ಕಣೋ" ಎಂದರು ಮಾಮ. "ನಂಗೆ ತಿಳೀಲಿಲ್ಲ."

ಅಪ್ಪ ಗೋಡೆಯ ಕಡೆ ಹೊರಳಿದರು. ಮಾಮ ಶೆಡ್ಡು ಬಿಟ್ಟರು, ಚಿಕ್ಕಬಾಣಾವರಕ್ಕೆ ಮನೆ ಬದಲಾಯಿಸಿದರು. ಹೋಗುವ ಮುಂಚೆ ಆ ಸಿ.ಡಿ. ಚೀಲವನ್ನು ನಮ್ಮ ಬಾಗಿಲಲ್ಲಿ ನನ್ನ ಕೈಗಿಟ್ಟರು. ಅವರು ಕೊಟ್ಟದ್ದನ್ನು ಇಟ್ಟುಕೊಂಡೆ, ಅವರನ್ನೇ ಬಿಟ್ಟುಕೊಟ್ಟೆ. ಈಗ ಶೆಡ್ಡು ನಡೆಸುವವಳು ನಾನು. ಬಸ್ಸಿನಲ್ಲಿ, ಮೆಟ್ರೊದಲ್ಲಿ ಇಯರ್‌ಫೋನ್ ಹಾಕಿಕೊಂಡು ಅವೇ ಹಾಡುಗಳನ್ನು ಕೇಳುತ್ತೇನೆ. ಅಷ್ಟೆಲ್ಲ ಪ್ರಶ್ನೆ ಕೇಳುತ್ತಿದ್ದವಳು, ಆ ದಿನ ನನ್ನ ಹೆಸರು ಯಾಕೆ ಹೇಳಲಿಲ್ಲ ಎಂಬ ಒಂದನ್ನು ಮಾತ್ರ ಮಾಮನ ಬಳಿ ಹೋಗಿ ಕೇಳಲಿಲ್ಲ. ಧೈರ್ಯವಿರಲಿಲ್ಲ ಎಂದರೆ ಸುಳ್ಳಾದೀತು — ಸುಮ್ಮನಿರುವುದು ಸುಲಭವಾಗಿತ್ತು.

ಮೊನ್ನೆ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿಬಿಟ್ಟೆ. ಅವರು ಕಲಸಿದ ಅನ್ನವನ್ನು ಹಾಗೇ ಬಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅವನು ಆವತ್ತೇ ಯಾಕೆ ಹೇಳ್ಲಿಲ್ಲ?"

"ನಾನೇ ಹೇಳ್ತೀನಿ ಅಂತ ಕಾದ್ರೇನೋ ಅಪ್ಪ."

ಅಪ್ಪ ಅತ್ತರು. ಅಪ್ಪ ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮಾಮ, ಈ ಭಾನುವಾರ ಅಪ್ಪನನ್ನು ನಿಮ್ಮಲ್ಲಿಗೆ ಕರೆತರುತ್ತಿದ್ದೇನೆ. ಅವರಿಗೆ ಈಗ ಮೆಟ್ಟಿಲು ಹತ್ತುವುದು ಕಷ್ಟ, ಕೈ ಹಿಡಿದು ಒಳಗೆ ಕರೆದುಕೊಳ್ಳಿ. ನನ್ನನ್ನು ಕರೆಯಬೇಕೆಂದಿಲ್ಲ. ನಾನು ಗೇಟಿನ ಆಚೆ ನಿಂತಿರುತ್ತೇನೆ.