ಭಾವ ನಲವತ್ತು ದಿನ ಬಿಟ್ಟಿದ್ದ ಬಾಟಲಿ

ಸ್ನೇಹಿತರೇ, ಹಬ್ಬದೂಟ ಅರ್ಧಕ್ಕೆ ಬಿಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ಮೈ ಇನ್ನೂ ಉರಿಯುತ್ತಿದೆ.

ಇವತ್ತು ಈಸ್ಟರ್, ಊಟ ಬಾಣಸವಾಡಿಯ ಅಕ್ಕನ ಮನೆಯಲ್ಲಿ. ಈಸ್ಟರಿಗೆ ಮುಂಚೆ ಉಪವಾಸ, ತ್ಯಾಗ ಮಾಡುವ ತಪಸ್ಸುಕಾಲದ ನಲವತ್ತು ದಿನವೂ ಭಾವ ಒಂದು ಹನಿ ಕುಡಿದಿರಲಿಲ್ಲ. ಬೆಳಗಿನ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಎಲ್ಲರೂ ಅವರ ಕೈಕುಲುಕಿ ಹೊಗಳಿದ್ದೇ ಹೊಗಳಿದ್ದು. ಆ ಹೊಗಳಿದವರು ಆಮೇಲೆ ಮನೆಗೆ ಬಂದು ನೋಡಬೇಕಿತ್ತು. ಭಾವ ಬೀರುವಿನಿಂದ ಬಾಟಲಿ ತೆಗೆದು ಬಿರಿಯಾನಿ ತಟ್ಟೆಯ ಪಕ್ಕ ಇಟ್ಟುಕೊಂಡರು. ಶುಕ್ರವಾರ ಶಿಲುಬೆಗೆ ಮುತ್ತಿಟ್ಟವರು ಶನಿವಾರವೇ ಅದನ್ನು ತಂದಿಟ್ಟಿದ್ದರಂತೆ.

“ಇದೇನು ಭಾವ?” ಎಂದೆ.

“ಫಾದರ್ ಹೇಳಿದ್ದು ಕೇಳಿಸ್ಲಿಲ್ವಾ? ತ್ಯಾಗದ ಕಾಲ ಮುಗೀತು, ಇವತ್ತು ಆನಂದದ ದಿನ ಅಂತ. ನಲವತ್ತು ದಿನ ತಡ್ಕೊಂಡಿದೀನಿ ಕಣಮ್ಮಾ!”

ಮುಚ್ಚಳ ತಿರುಗಿದ ಸದ್ದಿಗೆ ಅವರ ಹತ್ತು ವರ್ಷದ ಮಗಳು ತಟ್ಟೆ ಎತ್ತಿಕೊಂಡು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಯಾರೂ ಅವಳಿಗೆ ಹೋಗು ಎಂದಿರಲಿಲ್ಲ. ಈ ನಲವತ್ತು ದಿನ ಅವಳು ಅಪ್ಪನ ಪಕ್ಕದಲ್ಲೇ ಕೂತು ಉಂಡಿದ್ದಳು.

ನನಗೆ ತಡೆಯಲಾಗಲಿಲ್ಲ. “ಯೇಸು ಸಮಾಧಿಯಿಂದ ಎದ್ದು ಬಂದಿದ್ದು ಮತ್ತೆ ಅದರೊಳಗೇ ಹೋಗಿ ಮಲಗೋಕಾ ಭಾವ?” ಎಂದು ಕೂಗಿಬಿಟ್ಟೆ.

ಭಾವ ನಕ್ಕು ಲೋಟ ಎತ್ತಿದರು. “ಹ್ಯಾಪಿ ಈಸ್ಟರ್!”

ಕೈ ತೊಳೆದು ಹೊರಟೆ. ಅಕ್ಕ ಗೇಟಿನವರೆಗೂ ಬಂದಳು. ಕಣ್ಣಲ್ಲಿ ನೀರೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

“ಬೇಜಾರ್ ಮಾಡ್ಕೋಬೇಡ ಕಣೇ,” ಎಂದಳು. “ನಮ್ಮನೇಲಿ ಈಸ್ಟರ್ ನಿನ್ನೆಗೇ ಮುಗೀತು.”