ನುಗ್ಗೆಮರ ಕಡಿಯುವ ಸೊಪ್ಪಿನಕ್ಕ

ಬೆಳಕು ಹರಿಯುವ ಹೊತ್ತು. ದರ್ಜಿಯ ಮನೆಯ ಹಿತ್ತಲಲ್ಲಿ ಸೊಪ್ಪಿನಕ್ಕ ಗರಗಸಕ್ಕೆ ಎಣ್ಣೆ ಸವರುತ್ತಿದ್ದಾರೆ. ಎದುರಿನ ನುಗ್ಗೆಮರ ಮಹಡಿ ದಾಟಿ ಬೆಳೆದಿದೆ. ದರ್ಜಿ ಒಪ್ಪಿದರೆ ಇವತ್ತು ಅದನ್ನು ಎದೆಮಟ್ಟಕ್ಕೆ ಕಡಿಯಬೇಕು. ದರ್ಜಿ ಇನ್ನೂ ಮನಸ್ಸು ಮಾಡದೆ ಬಾಗಿಲಲ್ಲೇ ನಿಂತಿದ್ದಾರೆ.

ಸೊಪ್ಪಿನಕ್ಕನ ನಿಜ ಹೆಸರು ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ, ಕೇಳಿದವರೂ ಇಲ್ಲ. ಹಿತ್ತಲುಗಳಲ್ಲಿ ನುಗ್ಗೆಸೊಪ್ಪು ಕೊಯ್ದು ಹೆರಿಗೆ ಆಸ್ಪತ್ರೆಯ ಬಾಗಿಲಲ್ಲಿ ಮಾರುತ್ತಾರೆ. ಎದೆಹಾಲು ಹೆಚ್ಚಲೆಂದು ಬಾಣಂತಿಯರ ತಾಯಂದಿರು ಕೊಳ್ಳುತ್ತಾರೆ. ಮಂಡಿನೋವಿನ ಅಜ್ಜಂದಿರು ಬಿಸಿ ಮಾಡಿ ಕಟ್ಟಿಕೊಳ್ಳಲು ಒಯ್ಯುತ್ತಾರೆ. "ನಾನೇನು ಡಾಕ್ಟರಾ? ಸೊಪ್ಪು ಕೊಡ್ತೀನಿ, ಗುಣ ಆದ್ರೆ ಅವರ ಪುಣ್ಯ," ಎಂದು ನಗುತ್ತಾರೆ. ಸೊಪ್ಪಿಗೆ ಬದಲಾಗಿ ವರ್ಷಕ್ಕೊಮ್ಮೆ ಮರ ಕಡಿದುಕೊಡುವುದು ಇಲ್ಲಿನ ವಾಡಿಕೆ. ಕಡಿದರೇ ಕೈಗೆಟುಕುವಲ್ಲಿ ಎಳೆ ಚಿಗುರು. ಬಿಟ್ಟರೆ ಎತ್ತರಕ್ಕೆ ಹೋಗುತ್ತದೆ, ಕೊಂಬೆಯನ್ನು ನಂಬಿ ಕಾಲಿಟ್ಟರೆ ಲಟಕ್ಕನೆ ಮುರಿಯುತ್ತದೆ.

ಹೋದ ವರ್ಷ ದರ್ಜಿ ಕಡಿಯಲು ಬಿಡಲಿಲ್ಲ. ತೀರಿಕೊಂಡ ಹೆಂಡತಿ ನೆಟ್ಟ ಮರವದು. ಸೊಪ್ಪಿನಕ್ಕ ಮರ ಹತ್ತಿದರು, ಕೊಂಬೆಯ ಸಮೇತ ಕೆಳಗೆ ಬಂದರು. ಎಡ ಮಣಿಕಟ್ಟು ಇನ್ನೂ ಸೊಟ್ಟಗಿದೆ. "ನುಗ್ಗೆಮರ ಹತ್ತಬಾರದು ಅಂತ ಗೊತ್ತಿದ್ದೂ ಹತ್ತಿದೆ. ದರ್ಜಿ ಅಣ್ಣನ ಮುಖ ನೋಡಿ ಕಡೀತೀನಿ ಅನ್ನೋಕೆ ಬಾಯಿ ಬರಲಿಲ್ಲ," ಎನ್ನುತ್ತಾರೆ. ಕಡಿಯದಿದ್ದರೆ ಈ ಮರದ ಆಸೆ ಬಿಡು ಎಂದು ಸೊಪ್ಪಿನಕ್ಕನ ಮಗಳು ಹಠ ಹಿಡಿದಿದ್ದಾಳೆ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಎಲ್ಲರೂ ಕೇಳುವುದು ಇದೇ ಮರದ ಸೊಪ್ಪನ್ನು, ಇದಕ್ಕೆ ಕಹಿ ಕಡಿಮೆ. ಅಕ್ಕನಿಗೆ ಇದು ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ.

"ಒಂದು ಕೊಂಬೆನಾದ್ರೂ ಬಿಡಮ್ಮ," ಕೊನೆಗೂ ದರ್ಜಿ ಬಾಯಿ ಬಿಡುತ್ತಾರೆ. "ಅವಳು ಅಡುಗೆಮನೆ ಕಿಟಕಿಯಿಂದ ಕೈ ಚಾಚಿ ಸೊಪ್ಪು ಕೀಳ್ತಿದ್ಲು."

"ಅಣ್ಣಾ, ಕಡೀತಿದ್ದದ್ದಕ್ಕೇ ಅದು ಕಿಟಕಿ ಮಟ್ಟಕ್ಕೆ ಚಿಗುರ್ತಿತ್ತು. ಅತ್ತಿಗೇನೇ ಮುಂದೆ ನಿಂತು ಕಡಿಸ್ತಿದ್ರು. ನೀವು ಅಂಗಡೀಲಿ ಇರ್ತಿದ್ರಿ, ನಿಮಗೆಲ್ಲಿ ಗೊತ್ತಾಗ್ಬೇಕು?"

ದರ್ಜಿ ಮರವನ್ನೊಮ್ಮೆ ನೋಡಿ, "ಹಾಗಾದ್ರೆ ಕಡಿ," ಎಂದು ಒಳಗೆ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಹೊಲಿಗೆ ಯಂತ್ರದ ಸದ್ದು ಶುರುವಾಗುತ್ತದೆ. ಕಿಟಕಿಯಿಂದ ಇಣುಕಿದರೆ, ಯಂತ್ರದಲ್ಲಿ ಬಟ್ಟೆಯೇ ಇಲ್ಲ; ಗರಗಸದ ಸದ್ದು ಕೇಳದಿರಲಿ ಎಂದು ಸುಮ್ಮನೆ ತುಳಿಯುತ್ತಿದ್ದಾರೆ.

ಮರ ಉರುಳಿದ ಮೇಲೆ ಸೊಪ್ಪಿನಕ್ಕ ಬೊಡ್ಡೆಯ ತಲೆಗೆ ನೀರು ಇಳಿಯದಂತೆ ಮಣ್ಣು ಮೆತ್ತುತ್ತಾರೆ. ಈ ಮರದಿಂದ ಇನ್ನೇನು ಆಸೆ ಎಂದು ನಾನು ಕೇಳಿದ್ದಕ್ಕೆ ಕೈ ಒರೆಸಿಕೊಳ್ಳುತ್ತಾ ದನಿ ತಗ್ಗಿಸುತ್ತಾರೆ:

"ಚಿಗುರು ಬಂದಾಗ ಮೊದಲನೇ ಹಿಡಿ ನಾನು ಕೀಳಲ್ಲ. ಅಣ್ಣನೇ ಕಿಟಕಿಯಿಂದ ಕೈ ಚಾಚಲಿ."