ನೈವೇದ್ಯಕ್ಕೆ ಬಂದ ಅಸ್ಸಾಮಿನ ಮೆಣಸಿನಕಾಯಿ

ಧಾರವಾಡದ ಮನೆಯಲ್ಲಿ ಹಪ್ಪಳ ಲಟ್ಟಿಸುತ್ತಿದ್ದಾಗ ಪುಣೆಯಿಂದ ತಂಗಿ ಗಂಗೂನ ಕಾಗದ ಬಂತು. ಗಂಡ ತೀರಿದ ಮೇಲೆ ಅವಳು ಶನಿವಾರ ಪೇಟೆಯಲ್ಲಿ ಖಾನಾವಳಿ ನಡೆಸಿಯೇ ಬದುಕಿದವಳು. ‘ನನ್ನ ಚಟ್ನಿ ಉಂಡು ಆರು ಮಂದಿಯ ಬಾಯಿ ಸುಟ್ಟಿತು. ಈಗ ಯಾರೂ ಊಟಕ್ಕೆ ಬರುತ್ತಿಲ್ಲ’ ಎಂದು ಬರೆದಿದ್ದಳು. ಅಂದೇ ಸಂಜೆ ಗಾಡಿ ಹತ್ತಿದೆ.

ಯುದ್ಧದ ಕಾಲ; ಮೂರನೇ ದರ್ಜೆಯ ಡಬ್ಬಿಯ ತುಂಬ ಸಿಪಾಯಿಗಳು. ಬುತ್ತಿಯ ಗಂಟನ್ನು ಮಡಿಲಿನಿಂದ ಇಳಿಸಲಿಲ್ಲ. ಮಿರಜದಲ್ಲಿ ಯಾರೋ ಎದ್ದು ಕಿಟಕಿಯ ಪಕ್ಕ ಜಾಗ ಕೊಟ್ಟರು, ಹನುಮಪ್ಪನ ದಯೆ. ಸಾತಾರೆಯಿಂದಾಚೆ ಚಳಿ. ಎದುರಿನ ಖಾನಾವಳಿಯವರೇ ಏನೋ ಬೆರೆಸಿರಬೇಕೆಂದು ಪುಣೆ ಮುಟ್ಟುವವರೆಗೂ ಸಂಶಯಪಟ್ಟೆ.

ಗಂಗೂ ಚಟ್ನಿಗೆ ಹಾಕಿದ ಮೆಣಸಿನಕಾಯಿಯ ಪೊಟ್ಟಣ ಬಿಚ್ಚಿದಳು. ನಮ್ಮ ಬ್ಯಾಡಗಿಯಂತೆ ಕೆಂಪು, ಸುಕ್ಕು, ಗಿಡ್ಡ ಮಾತ್ರ.

“ಊಟಕ್ಕ ಬರೋ ವಾಸುದೇವರಾಯರು ಅಸ್ಸಾಮದಿಂದ ತಂದದ್ದು.”

“ಎಷ್ಟು ಹಾಕಿದಿ?”

“ದಿನಾ ಹಾಕೋವಷ್ಟ, ಒಂದು ಮುಷ್ಟಿ.”

“ರುಚಿ ನೋಡಲಿಲ್ಲೇನು?”

“ನೈವೇದ್ಯ ಆಗೂ ಮೊದಲ ಹೆಂಗ ನೋಡ್ಲಿ, ಅಕ್ಕಾ?”

ನಿಜವೇ. ದೇವರು ಮೊದಲು ಉಂಡ, ಅವನು ತಾಳ್ಮೆಯವನು.

ರಾಯರ ಮೇಲೆ ನಂಬಿಕೆ ಬರಲಿಲ್ಲ. ಟಾಂಗಾ ಮಾಡಿಕೊಂಡು ಯೆರವಡಾದ ಅವರ ಕೋಣೆಗೆ ಹೋದೆ. ಸೈನ್ಯದ ಸರಬರಾಜಿನ ಕಾರಕೂನ.

“ಯಾರ ಮಾತು ಕೇಳಿ ಕೊಟ್ರಿ?”

“ಯಾರ ಮಾತೂ ಅಲ್ರೀ. ಅಲ್ಲಿ ಗುಡ್ಡದ ಮಂದಿ ಇಡೀ ಮನಿಗೆ ಒಂದ ಕಾಯಿ ಹಾಕ್ತಾರ. ಮೀನಿನ ಸಾರಿಗೆ, ಎಳೆ ಬಿದಿರಿನ ಕಳಲಿ ಉಪ್ಪಿನಕಾಯಿಗೆ. ಉಳಿದದ್ದು ಒಲಿ ಮ್ಯಾಲೆ ಹೊಗಿಗೆ ತೂಗಹಾಕ್ತಾರ. ಗಂಗೂ ವೈನಿ ಮಡಿಯೊಳಗಿದ್ರು, ಹೊಸ್ತಿಲದಾಗ ಇಟ್ಟು ಬಂದೆ. ಹೇಳೋದು ಬಿಟ್ಟೋತು. ನಾನೂ ಉಂಡೀನ್ರೀ, ನಾಲಿಗಿ ನೋಡ್ರಿ.”

ನೋಡಿದೆ. ಅರ್ಧ ನಂಬಿದೆ.

“ನಾಳೆ ಎಲ್ಲಾರನ್ನೂ ಕರಕೊಂಡ ಬರ್ರಿ” ಎಂದೆ.

ಮರುದಿನ ಬ್ಯಾಡಗಿಯನ್ನೇ ಎಣಿಸಿ ಹಾಕಿದೆವು. ಒರಳನ್ನು ಮೂರು ಸಲ ತೌಡು ಹಾಕಿ ತಿಕ್ಕಿದರೂ ಕಲ್ಲಿನೊಳಗೆ ಆ ಕಿಚ್ಚು ಉಳಿದಿದ್ದರೆ? ರುಚಿ ನೋಡುವಂತಿಲ್ಲ. ನೈವೇದ್ಯವಾಯಿತು. ಆರೂ ಜನ ಬಂದರು, ಬಾಗಿಲಲ್ಲೇ ನಿಂತರು.

“ರೇಶನ್ ಉಳಿಸಾಕ ಹಂಗ ಮಾಡಿದ್ರೇನ್ರಿ ವೈನಿ? ಒಂದು ತುತ್ತಿಗೆ ನಾಕು ತಂಬಿಗಿ ನೀರು,” ಎಂದರು ಶಾಲಾ ಮಾಸ್ತರರು. ಆಮೇಲೆ ನನ್ನ ಕಡೆ ತಿರುಗಿದರು. “ಇವತ್ತು ಮೊದಲ ನೀವು ಉಣ್ರಿ.”

ಉಣಬಂದವರನ್ನು ನಿಲ್ಲಿಸಿ ನಮ್ಮ ಮನೆತನದಲ್ಲಿ ಹೆಂಗಸರು ಎಲೆಗೆ ಕೂತದ್ದಿಲ್ಲ. ನಾನು ಕೂತೆ. ಹನ್ನೆರಡು ಕಣ್ಣು ನನ್ನ ಕಣ್ಣಿನ ಮೇಲೆ. ಒಂದು ಹನಿ ಇಳಿದರೂ ತಂಗಿಯ ಅನ್ನ ಹೋದಂತೆಯೇ. ಚಟ್ನಿ ಕಲಸಿ ನುಂಗಿದೆ.

“ಹೆಂಗದ್ರೀ?”

“ಬೆಲ್ಲ ಜಾಸ್ತಿ ಆಗ್ಯದ.”

ಮಾಸ್ತರರು ನಕ್ಕರು, ಮಣೆ ಎಳೆದುಕೊಂಡರು. ಅವರ ಹಿಂದೆ ರಾಯರು, ಇನ್ನೊಬ್ಬರು. ಉಳಿದ ಮೂವರು ನಾಳೆ ನೋಡೋಣವೆಂದು ಹೋದರು. ಮೂವರಾದರೂ ಕೂತರಲ್ಲ ಎಂದು ದೇವರಿಗೆ ಕೈಮುಗಿದು, ಯಾತಕ್ಕೂ ಇರಲಿ ಎಂದು ಮಜ್ಜಿಗೆ ಕಡೆಯಲು ಹೋದೆ.